ಹದಿನಾಲ್ಕನೆಯ ಪ್ರಶ್ನೆ

ನಮ್ಮ ವಿಜ್ಞಾನದ ಮಾಸ್ತರರ ಶೋಕಸಭೆಯಲ್ಲಿ ಮಾತಾಡಲು ನನ್ನನ್ನು ಕರೆದರು. ಕರೆಯಲೇಬೇಕಿತ್ತು. ಒಂದೇ ಸ್ಟಾಫ್‌ರೂಮಿನ ಒಂದೇ ಬೆಂಚಿನಲ್ಲಿ ಇಪ್ಪತ್ತೆರಡು ವರ್ಷ ಅವರ ಪಕ್ಕ ಕೂತವನು ನಾನು. ಎದ್ದು ನಿಂತು "ಒಳ್ಳೆಯ ಮಾಸ್ತರು" ಎಂದೆ. ಮುಂದೆ ಮಾತು ಹೊರಡಲಿಲ್ಲ. ಅಳುತ್ತಿದ್ದೇನೆ ಎಂದುಕೊಂಡು ಯಾರೋ ನೀರು ತಂದು ಕೊಟ್ಟರು. ಕುಡಿದು ಕೂತೆ. ಅದು ಅಳುವಾಗಿರಲಿಲ್ಲ, ಹೆದರಿಕೆ. ಬಾಯಿ ತೆರೆದರೆ ಹೇಳಬಾರದ್ದು ಹೊರಬಿದ್ದೀತು ಎಂಬ ಹೆದರಿಕೆ. ಆದ್ದರಿಂದ ಇಲ್ಲಿ, ಅವರ ಹೆಸರು ಹಾಕದೆ ಬರೆಯುತ್ತಿದ್ದೇನೆ.

ನಮ್ಮದು ಪುಣೆಯಲ್ಲಿರುವ ಕನ್ನಡ ಮಾಧ್ಯಮದ ಶಾಲೆ. ಇಂಥದ್ದೊಂದು ಇದೆ ಎಂದರೆ ಊರ ಕಡೆ ನಗುತ್ತಾರೆ, ಪುಣೆಯವರು ನಂಬುವುದಿಲ್ಲ. ಹಿಂದೆ ಅಂಗಡಿಕಾರರ, ಗುಮಾಸ್ತರ ಮಕ್ಕಳು ಬರುತ್ತಿದ್ದರಂತೆ. ಅವರೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ಪಾಲಿಗೆ ಉಳಿದವರು ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಭೋಸರಿಯ ಕಾರ್ಖಾನೆಗಳಿಗೆ ಬಂದವರ ಮಕ್ಕಳು. ನಾನು ಕನ್ನಡ ಕಲಿಸುತ್ತೇನೆ. ಅವರು ವಿಜ್ಞಾನ ಕಲಿಸುತ್ತಿದ್ದರು.

ಹತ್ತನೆಯ ತರಗತಿಗೆ ಹೋದರೆ ಅವರ ಮೊದಲ ಮಾತು ಹಾಜರಿಯಲ್ಲ. "ಮುಂಜಾನೆ ಏನ್ ತಿಂದ್ರಿ?" ಎನ್ನುವುದು. ಚಹಾ-ಖಾರಿ ಬಿಸ್ಕೀಟು, ಚಹಾ-ಬಟರ್ ಬಿಸ್ಕೀಟು, ನಿನ್ನೆಯ ಜೋಳದ ಭಕ್ರಿ, ಏನೂ ಇಲ್ಲ. ಏನೂ ತಿನ್ನದವರನ್ನು ಮುಂದಿನ ಸಾಲಿಗೆ ಕರೆದು ಕೂರಿಸುತ್ತಿದ್ದರು. ಅಲ್ಲಿ ಅವರ ಚೀಲದಿಂದ ಚುರುಮುರಿ ಸಿಗುತ್ತಿತ್ತು. ಉಳಿದವರು ನೋಡಬಾರದೆಂದು ಅವರು ಹಲಗೆಯ ಮೇಲೆ ಏನನ್ನೋ ದೊಡ್ಡದಾಗಿ ಬರೆದು "ಎಲ್ಲಾರೂ ಇತ್ತ ನೋಡ್ರಿ" ಎಂದು ಕೂಗುತ್ತಿದ್ದರು. ಎಲ್ಲರೂ ಚುರುಮುರಿಯ ಕಡೆಯೇ ನೋಡುತ್ತಿದ್ದರು ಅನ್ನುವುದು ಬೇರೆ ಮಾತು.

ಜೀವಕೋಶದ ಉಸಿರಾಟದ ಪಾಠ ಬಂತೆಂದರೆ ಅವರಿಗೆ ಹಬ್ಬ. ಶಾಲೆಯ ಹಿಂದಿನ ಮಿಸಳ್ ಅಂಗಡಿಯವನ ಹತ್ತಿರ ಮೊಳಕೆ ಬಂದ ಮಡಕಿ ಕಾಳಿನ ದೊಡ್ಡ ಬುಟ್ಟಿಯನ್ನು ಒಂದು ತಾಸಿನ ಮಟ್ಟಿಗೆ ಕೇಳಿ ತರುತ್ತಿದ್ದರು. ಒದ್ದೆ ಬಟ್ಟೆ ಸರಿಸಿ ಒಬ್ಬೊಬ್ಬರಿಗೂ ಕಾಳಿನೊಳಗೆ ಮೊಣಕೈತನಕ ಕೈ ಹಾಕಲು ಹೇಳುತ್ತಿದ್ದರು.

"ಬೆಚ್ಚಗದ ಇಲ್ಲ?"

"ಹೌದ್ರಿ ಸರ್."

"ಒಲಿ ಎಲ್ಲದ? ಹುಡುಕಿ ತೋರಸ್ರಿ."

ಮಕ್ಕಳು ಬುಟ್ಟಿಯ ಕೆಳಗೆಲ್ಲ ಬಗ್ಗಿ ನೋಡುವರು. ಆಗ ಅವರ ಮುಖ ನೋಡಬೇಕಿತ್ತು. ಒಂದು ಕಾಳು ಎತ್ತಿ ಹಿಡಿದು, "ಒಲಿ ಇದರೊಳಗದ. ನಿಮ್ಮೊಳಗೂ ಅದ. ನೀವು ಮಲ್ಕೊಂಡ್ರೂ ಅದು ಆರೂದಿಲ್ಲ" ಎನ್ನುತ್ತಿದ್ದರು. ಆ ಬುಟ್ಟಿ ವಾಪಸು ಹೋಗಿ ಮಧ್ಯಾಹ್ನ ಪಾವಿನ ಜೊತೆ ತಿನ್ನುವ ಖಾರದ ಮಿಸಳ್ ಆಗುತ್ತಿತ್ತು. ಮೂವತ್ತು ಮಕ್ಕಳ ಕೈ ಬಿದ್ದ ಕಾಳು ಎಂದು ಗಿರಾಕಿಗಳಿಗೆ ತಿಳಿದರೆ ಗತಿಯೇನು ಎಂದು ನಾನು ಕಾಡುತ್ತಿದ್ದೆ. "ಕುದಸ್ತಾರಲ್ರಿ ಮಾಸ್ತರ್ರ" ಎಂದು ಅವರು ನಗುತ್ತಿದ್ದರು.

ಎರಡನೆಯ ಆಟ ವರಾಂಡದಲ್ಲಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈಯಿಂದ ಕೈಗೆ ಕಂಪಾಸ್ ಪೆಟ್ಟಿಗೆ ದಾಟಿಸಲು ಹೇಳುತ್ತಿದ್ದರು. ಕಟ್ಟಡಕ್ಕೆ ಸ್ಲ್ಯಾಬ್ ಹಾಕುವ ದಿನ ತಮ್ಮ ಅಪ್ಪ-ಅವ್ವ ಹೀಗೇ ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಕಬ್ಬಿಣದ ಬಾಣಲೆ, ಘಮೇಲಾ, ದಾಟಿಸುವುದನ್ನು ಆ ಮಕ್ಕಳು ಹುಟ್ಟಿದಾಗಿನಿಂದ ನೋಡಿದವರು. "ನಿಮ್ಮ ಒಂದೊಂದು ಕೋಶದಾಗ ಮೈಟೊಕಾಂಡ್ರಿಯಾ ಅಂತ ಸಣ್ಣ ಸಣ್ಣ ಗೂಡು ಅದಾವ. ಅದರೊಳಗ ಹಿಂಗ ಸಾಲು ನಿಂತದ. ಉಂಡ ಅನ್ನದಾಗಿನ ಶಕ್ತಿ ಕೈಯಿಂದ ಕೈಗೆ ಹೋಗತದ. ಕಡೀಗೆ ನಿಂತು ಇಸ್ಕೊಳ್ಳಾಂವ ಆಕ್ಸಿಜನ್. ಅಂವಾ ಬರಲಿಲ್ಲಂದ್ರ ಹಿಂದಿನವರೆಲ್ಲಾ ಘಮೇಲಾ ಹಿಡ್ಕೊಂಡು ನಿಂತಬಿಡ್ತಾರ. ಉಸಿರು ಯಾಕ ಬೇಕಂತ ಈಗ ತಿಳೀತಿಲ್ಲೋ?" ಸ್ಟಾಫ್‌ರೂಮಿನಿಂದ ಕೇಳುತ್ತಿದ್ದ ನನಗೂ ಆ ದಿನವೇ ತಿಳಿದದ್ದು.

ಅದೇ ಪಾಠದಲ್ಲಿ ಒಮ್ಮೆ, ಮಹಡಿ ಹತ್ತಿದರೆ ಕಾಲು ಯಾಕೆ ನೋಯುತ್ತದೆ ಎಂದು ಕೇಳಿದಾಗ ಒಬ್ಬ ಹುಡುಗಿ ಎದ್ದು, "ನಮ್ಮವ್ವ ಇಟ್ಟಂಗಿ ಹೊತ್ತು ದಿನಾ ಹನ್ನೊಂದು ಮಾಳಗಿ ಹತ್ತತಾಳ್ರಿ ಸರ್. ಕಾಲು ನೋಯ್ತಾವಂತ ಅನ್ನೂದೇ ಇಲ್ಲ" ಎಂದಳಂತೆ. ಅವರು ಪಾಠ ನಿಲ್ಲಿಸಿ ಬಂದು ನನ್ನ ಪಕ್ಕ ಕೂತರು. "ನೋಯ್ತಾವು, ಹೇಳೂದಿಲ್ಲ. ಹೇಳಿದ್ರ ಮಕ್ಕಳಿಗೆ ತ್ರಾಸ ಅಂತ" ಎಂದರು. ಸುಮ್ಮನಿರುವುದನ್ನು ಅವರು ದೊಡ್ಡ ಗುಣ ಎಂದು ತಿಳಿದಿದ್ದರು. ನನಗೆ ಆಗ ಅದರಲ್ಲಿ ತಪ್ಪು ಕಾಣಲಿಲ್ಲ.

ಈಗ ನೋಟ್ಸಿನ ವಿಷಯ ಹೇಳಬೇಕು. ಮರಾಠಿ, ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಪರೀಕ್ಷೆಯ ಗೈಡುಗಳು ಅಂಗಡಿಯಲ್ಲಿ ರಾಶಿ ಬಿದ್ದಿರುತ್ತವೆ. ಇಲ್ಲಿ ಕನ್ನಡದಲ್ಲಿ ಗೈಡು ಯಾರು ಅಚ್ಚು ಹಾಕಬೇಕು? ಹಾಗಾಗಿ ನಮ್ಮಲ್ಲಿ ಮಾಸ್ತರರೇ ಪ್ರತಿ ಪಾಠಕ್ಕೂ ಪ್ರಶ್ನೋತ್ತರ ಬರೆದು, ಜೆರಾಕ್ಸ್ ಮಾಡಿಸಿ ಹಂಚುವ ಪದ್ಧತಿ. ವಿಜ್ಞಾನದ ಮಾಸ್ತರರ ಅಕ್ಷರ ಅವರಿಗೇ ತಿಳಿಯುತ್ತಿರಲಿಲ್ಲ. ಅದನ್ನು ನಾನು ಓದಿ, ಭಾಷೆ ತಿದ್ದಿ, ಧನಕವಡಿಯ ಅವರ ಮನೆಗೆ ಕಳಿಸುತ್ತಿದ್ದೆ. ಅಲ್ಲಿ ಅವರ ಹೆಂಡತಿ ಅದನ್ನು ಬಿಳಿ ಹಾಳೆಗೆ ಇಳಿಸುತ್ತಿದ್ದರು. ಅತ್ತಿಗೆ ಎಂಬರ್ಥದಲ್ಲಿ ನಾನು ಅವರನ್ನು ವೈನಿ ಎನ್ನುತ್ತೇನೆ. ವೈನಿ ಓದಿದ್ದು ಹತ್ತನೆಯವರೆಗೆ, ಆಳಂದದ ಹತ್ತಿರ ಒಂದು ಹಳ್ಳಿಯಲ್ಲಿ. ಆದರೆ ಅವರ ಅಕ್ಷರ ಅಚ್ಚಿಗಿಂತ ಚೆಂದ. ನಮ್ಮ ಶಾಲೆಯಿಂದ ಹತ್ತನೆಯದು ಪಾಸಾದ ಎಷ್ಟೋ ಮಕ್ಕಳು ವಿಜ್ಞಾನವನ್ನು ಓದಿದ್ದು ವೈನಿಯ ಕೈಬರಹದಲ್ಲಿ.

ಅವರಿಗೆ ಒಬ್ಬಳೇ ಮಗಳು. ಒಂಬತ್ತರ ವಯಸ್ಸಿಗೆ ಆಕೆ ಓಡುವುದನ್ನು ಬಿಟ್ಟಳು. ಹತ್ತಕ್ಕೆ ರೆಪ್ಪೆ ಜೋಲತೊಡಗಿತು. ಹನ್ನೊಂದಕ್ಕೆ ಮೊದಲ ಸಲ ಫಿಟ್ಸ್ ಬಂತು. ಶಕ್ತಿ ಸಾಲದು ಎಂದು ವೈನಿ ತುಪ್ಪ, ಶೇಂಗಾ ಹೋಳಿಗೆ, ಅಂಟಿನ ಉಂಡೆ ಎಂದು ಒಂದೇ ಸಮ ಉಣಿಸಿದರು. ಮಗು ಉಣ್ಣುತ್ತಿತ್ತು, ಸೊರಗುತ್ತಿತ್ತು. "ನಾನ ಸರಿಯಾಗಿ ಉಣಸಲಿಲ್ರಿ ಅಣ್ಣಾರ, ಸಣ್ಣಾಕಿ ಇದ್ದಾಗ" ಎಂದು ನನ್ನೆದುರೇ ಎಷ್ಟೋ ಸಲ ಅತ್ತಿದ್ದಾರೆ. ಮಾಸ್ತರರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ನಿನ್ನ ತಪ್ಪೇನೂ ಇಲ್ಲ." ಅದನ್ನು ಸ್ವಲ್ಪ ಬೇಗನೇ, ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ಮಗಳ ರಕ್ತ ಪರೀಕ್ಷೆಗೆಂದು ಎಲ್ಲಿಗೋ ಹೋಗಿ ರಿಪೋರ್ಟ್ ಬಂದ ದಿನ ಅವರು ಆಸ್ಪತ್ರೆಗೆ ಒಬ್ಬರೇ ಹೋಗಿದ್ದರು. ಮರುದಿನ ಬಂದು ನನಗೆ ಹೇಳಿದ್ದು ಇಷ್ಟು: "ಸಾಲಿನಾಗ ನಡುವಿನವರಿಗೆ ಕೈ ಇಲ್ರಿ ಮಾಸ್ತರ್ರ. ಉಣ್ತಾಳ, ಉಸಿರಾಡ್ತಾಳ, ಎಲ್ಲಾ ಮಾಡ್ತಾಳ. ಘಮೇಲಾ ಮುಂದ ಹೋಗೂದಿಲ್ಲ." ಔಷಧ ಇಲ್ಲವೇ ಎಂದೆ. ತಲೆಯಾಡಿಸಿದರು. ಇಡೀ ಜನ್ಮ ಯಾವ ಪಾಠ ಕಲಿಸಿದರೋ ಅದೇ ಮನೆಗೆ ಬಂದು ಕೂತಿತಲ್ಲ ಎಂದು ನಾನು ಮನಸ್ಸಿನಲ್ಲೇ ಮರುಗಿದೆ. ಅದಕ್ಕಿಂತ ಮುಂದಕ್ಕೆ ನನ್ನ ಬುದ್ಧಿ ಓಡಲಿಲ್ಲ.

ಆಕೆಗೆ ಹದಿನೈದು ತುಂಬಿದ ವರ್ಷ ಚಳಿಗಾಲದಲ್ಲಿ ಆಸ್ಪತ್ರೆಗೆ ಸೇರಿಸಿದರು. ಹತ್ತನೆಯ ಪರೀಕ್ಷೆ ಹತ್ತಿರವಿತ್ತು. ಅವರು ರಜೆಯ ಮೇಲಿದ್ದರು. ನೋಟ್ಸಿನ ಜವಾಬ್ದಾರಿ ನನ್ನ ಮೇಲೆ ಬಿತ್ತು. "ಹೋದ ವರ್ಷದ್ದನ್ನ ಹಂಗೇ ಕೊಡ್ರಿ" ಎಂದಿದ್ದರು. ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಆದರೆ ನನಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಹಳೆಯ ನೋಟ್ಸುಗಳನ್ನೆಲ್ಲ ಹರಡಿಕೊಂಡು ಹೋಲಿಸಿದೆ. ಹಿಂದೆ ಪ್ರತಿ ವರ್ಷ ಇರುತ್ತಿದ್ದ ಒಂದು ಪ್ರಶ್ನೆ ನಾಲ್ಕು ವರ್ಷದಿಂದ ಕಾಣೆಯಾಗಿತ್ತು. ಮನೆಯ ಚಿಂತೆಯಲ್ಲಿ ಪಾಪ ಮರೆತಿದ್ದಾರೆ ಎಂದುಕೊಂಡೆ. ಎರಡು ಅಂಕದ ಪ್ರಶ್ನೆ, ಮಕ್ಕಳಿಗೆ ನಷ್ಟವಾಗಬಾರದು. ಅದನ್ನು ಹದಿನಾಲ್ಕನೆಯದಾಗಿ ಸೇರಿಸಿ, ನನ್ನ ಎಚ್ಚರಕ್ಕೆ ನಾನೇ ಮೆಚ್ಚಿ, ಆಸ್ಪತ್ರೆಗೆ ಕಳಿಸಿದೆ. ಹಗಲು ಮಗಳ ಹತ್ತಿರ ವೈನಿ ಇರುತ್ತಿದ್ದರು. ಬರೆಯುತ್ತ ಕೂತರೆ ಮನಸ್ಸಿಗೆ ಸಮಾಧಾನ ಎಂದು ಅವರೇ ಹೇಳಿಕಳಿಸಿದ್ದರು.

ಪ್ರಶ್ನೆ ಇದು: 'ಮಗುವಿನ ಜೀವಕೋಶಗಳಲ್ಲಿರುವ ಮೈಟೊಕಾಂಡ್ರಿಯಾಗಳು ಯಾರಿಂದ ಬಂದಿರುತ್ತವೆ?' ಉತ್ತರ: 'ತಾಯಿಯಿಂದ ಮಾತ್ರ. ತಂದೆಯಿಂದ ಬರುವುದಿಲ್ಲ. ಆದ್ದರಿಂದ ಅವುಗಳಲ್ಲಿನ ಗುಣ ಮತ್ತು ದೋಷಗಳು ತಾಯಿಯಿಂದ ಎಲ್ಲ ಮಕ್ಕಳಿಗೂ, ಹೆಣ್ಣುಮಕ್ಕಳಿಂದ ಮುಂದಿನ ಪೀಳಿಗೆಗೂ ಸಾಗಬಹುದು.'

ಭಾಷೆ ಚೆನ್ನಾಗಿದೆ, ತಿದ್ದಿದವನು ನಾನೇ.

ಮೂರನೆಯ ದಿನ ಹಾಳೆಗಳನ್ನು ತರಲು ನಾನೇ ಹೋದೆ. ಮಗಳು ಮಲಗಿದ್ದಳು. ವೈನಿ ಹಾಳೆಗಳ ಅಂಚು ಸರಿಪಡಿಸಿ ಕೊಟ್ಟು, ವರಾಂಡದವರೆಗೆ ನನ್ನ ಜೊತೆ ಬಂದರು.

"ಅಣ್ಣಾರ, ಒಂದ್ ಮಾತು ಕೇಳ್ತೀನಿ. ಈ ಹದಿನಾಲ್ಕನೇದು ಬರೇ ಪರೀಕ್ಷಾಕ್ಕ ಏನ್ರಿ, ಖರೇನ?"

"ಖರೇನ ವೈನಿ. ಮಾಸ್ತರ್ರ ಹಳೇ ನೋಟ್ಸಿನಾಗಿಂದ ತಗದೀನಿ. ಅವರ ಮರ್ತಿದ್ರು" ಎಂದೆ. ಹಾಗೆ ಹೇಳುವಾಗ ನಾನು ನಕ್ಕಿದ್ದೆ ಕೂಡ.

"ಮರ್ತಿಲ್ರಿ" ಎಂದರು ವೈನಿ.  ಆಮೇಲೆ ಬೆರಳು ಮಡಿಸುತ್ತ, ಸಣ್ಣ ಮಕ್ಕಳು ಮಗ್ಗಿ ಹೇಳುವಂತೆ ಹೇಳಿದರು: "ನಮ್ಮವ್ವನಿಂದ ನನಗ. ನನ್ನಿಂದ ಇಕಿಗೆ. ನಮ್ಮವ್ವನಿಂದ ನನ್ನ ತಂಗಿಗೂ ಹೋಗಿರ್ತದಲ್ರಿ?"

ಆಗ ನನಗೆ ತಿಳಿಯಿತು. ವೈನಿಯ ಕೈಗೆ ಬೀಳದಿರಲಿ ಎಂದು ಅವರು ಆ ಪ್ರಶ್ನೆಯನ್ನು ಬೇಕೆಂದೇ ಕೈಬಿಟ್ಟಿದ್ದರು. ವೈನಿಯ ತಂಗಿ ಕಲಬುರಗಿಯಲ್ಲಿರುವುದು ನನಗೆ ಗೊತ್ತಿತ್ತು. ಮದುವೆಗೆ ನಾವೆಲ್ಲ ಹೋಗಿ ಉಂಡು ಬಂದಿದ್ದೆವು.

"ಅಕಿ ಈಗ ಆರು ತಿಂಗಳ ಬಸುರಿ. ಕುಬಸಕ್ಕ ಸೀರಿ ತರಲಿಕ್ಕೆ ಹೋದ ತಿಂಗಳು ಇವರನ್ನ ಕರ್ಕೊಂಡು ಕ್ಯಾಂಪ್ ಬಜಾರಕ್ಕ ಹೋಗಿದ್ದೆ. ನಾಕು ಅಂಗಡಿ ತಿರುಗಿದ್ವಿ. ಹಸರು ಸೀರಿ ಇವರ ಆರಿಸಿದ್ರು. ಗೊತ್ತಿದ್ದೂ ಆರಿಸಿದ್ರಲ್ರಿ ಅಣ್ಣಾರ."

 ಹಾಳೆಗಳನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದೆ. ಅಂಗಡಿಗೆ ಹೋಗಿ ಹದಿನಾಲ್ಕನೆಯ ಪ್ರಶ್ನೆಯ ಮೇಲೆ ಬಿಳಿ ಕಾಗದ ಅಂಟಿಸಿ ಜೆರಾಕ್ಸ್ ಮಾಡಿಸಬಹುದಿತ್ತು. ಅದೂ ಹೊಳೆಯಲಿಲ್ಲ. ಇದ್ದಂತೆಯೇ ಪ್ರತಿ ತೆಗೆಸಿ ಹಂಚಿದೆ.

ವಾರದ ಮೇಲೆ ಮಾಸ್ತರರು ಯಾವುದೋ ಸಹಿಗೆಂದು ಶಾಲೆಗೆ ಬಂದರು. ಒಬ್ಬ ವಿದ್ಯಾರ್ಥಿನಿ ಅನುಮಾನ ಕೇಳಲು ಅವರೆದುರು ಅದೇ ಹಾಳೆ ಹಿಡಿದಳು. ಅವರು ಉತ್ತರ ಹೇಳಿ, ಹಾಳೆ ಇಸಿದುಕೊಂಡು ನನ್ನ ಪಕ್ಕ ಬಂದು ಕೂತರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅಕ್ಷರ ನೋಡ್ರಿ ಮಾಸ್ತರ್ರ. ಒಂದರ ಸೊಟ್ಟ ಆಗ್ಯಾದೇನು? ಮಗಳ ಪಕ್ಕದಾಗ ಕೂತು ಇದನ್ನ ಬರದಾಳ. ಮನ್ಯಾಗ ಒಂದು ಮಾತು ಆಡಿಲ್ಲ. ಊಟಕ್ಕ ಬಡಸ್ತಾಳ, ಡಬ್ಬಿ ಕಟ್ತಾಳ."

"ಯಾಕ ಹೇಳಲಿಲ್ರಿ?" ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ.

"ಹೇಳಿದ್ರ ಅಕಿ ಮಗಳನ್ನ ಮುಟ್ಟಲಿಕ್ಕೆ ಹೆದರ್ತಿದ್ಲು. ಬರೇ ಉಣಸಿಲ್ಲ ಅನ್ನೂದಕ್ಕೇ ಅಷ್ಟು ಅಳ್ತಾಳ. ನನ್ನ ಮೈಯಿಂದನ ಬಂತು ಅಂತ ತಿಳಿದ್ರ ಉಳೀತಿದ್ಲೇನ್ರಿ?"

"ತಂಗೀಗೆ?"

 "ಡಾಕ್ಟರ್ ಅಂದ್ರು, ತಾಯಿ ಕಡೆ ಹೆಣ್ಣುಮಕ್ಕಳಿಗೆ ತಿಳಸ್ರಿ, ಎಲ್ಲಾರಿಗೂ ಬಂದಿರಬೇಕಂತಿಲ್ಲ, ಆದ್ರ ಗೊತ್ತಿದ್ರ ಮೊದಲ ತಪಾಸಣಿ ಮಾಡಬಹುದು, ಕೆಲವು ಗುಳಿಗಿ ಕೊಡಬಾರದು ಅಂತ. ಆಗ ಅಕಿ ಮದುವಿ ಆಗಿದ್ದಿಲ್ಲ. ಹೇಳಿದ್ರ ಮದುವಿ ಮುರೀತದ ಅಂತ ಬಿಟ್ಟೆ. ಆಮ್ಯಾಲ ಮದುವಿ ಆತು. ತಂಗೀಗೆ ಹೇಳಬೇಕಂದ್ರ ಮೊದಲ ನಮ್ಮಾಕಿಗೆ ಹೇಳಬೇಕು. ನಾಳೆ ಹೇಳೂಣು, ನಾಳೆ ಹೇಳೂಣು ಅಂತ…" ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಮಕ್ಕಳ ಅವ್ವಂದಿರ ಕಾಲುನೋವಿನ ಲೆಕ್ಕ ಹಿಡಿಯುತ್ತಿದ್ದ ಮನುಷ್ಯ ಇವರು. ಅವರ ಮೇಲೆ ಸಿಟ್ಟು ಬಂತು, ಅಷ್ಟೇ ಅಯ್ಯೋ ಅನ್ನಿಸಿತು, ಎರಡನ್ನೂ ನುಂಗಿಕೊಂಡೆ.

ಮಗಳು ಮಾರ್ಚಿನಲ್ಲಿ ಹೋದಳು. ಹತ್ತನೆಯ ವಿಜ್ಞಾನದ ಪರೀಕ್ಷೆ ಮುಗಿದ ಮಾರನೆಯ ದಿನ. ಕಾತ್ರಜ್ ಕಡೆಯ ಸ್ಮಶಾನದಲ್ಲಿ ಅವರ ಹಳೆಯ ವಿದ್ಯಾರ್ಥಿಗಳು, ಈಗ ಗವಂಡಿಗಳೋ ವೆಲ್ಡರುಗಳೋ ಆಗಿರುವವರು, ಸಾಲಾಗಿ ನಿಂತಿದ್ದರು. ಮಾಸ್ತರರು ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಮಗಳ ಪಾದ ಮುಟ್ಟಿ, "ತಣ್ಣಗಾಗ್ಯಾವ" ಎಂದರು, ಅಷ್ಟೇ. ಅದೊಂದು ಹೊಸ ವಿಷಯ ಎಂಬಂತೆ ಹೇಳಿದರು.

ಆಮೇಲೆ ನಾಲ್ಕು ವರ್ಷ ಪಾಠ ಮಾಡಿದರು. ಆ ಅಧ್ಯಾಯ ಬಂದಾಗ ಪುಸ್ತಕದಲ್ಲಿದ್ದುದನ್ನು ಓದಿ ಹೇಳುತ್ತಿದ್ದರು. ಬುಟ್ಟಿ ತರಲಿಲ್ಲ. ಯಾಕೆ ಸರ್ ಬರುತ್ತಿಲ್ಲ ಎಂದು ಮಿಸಳ್ ಅಂಗಡಿಯವನು ಒಮ್ಮೆ ನನ್ನನ್ನೇ ಮರಾಠಿಯಲ್ಲಿ ಕೇಳಿದ. ಆರಾಮಿಲ್ಲ ಎಂದೆ. ನೋಟ್ಸ್ ಬರೆಯುವುದನ್ನು ವೈನಿ ನಿಲ್ಲಿಸಿದ್ದರು. ಈಗ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸುತ್ತೇವೆ, ತಪ್ಪು ತುಂಬಿರುತ್ತವೆ. ಅವರಿಬ್ಬರ ನಡುವೆ ಆ ಮಾತು ಕೊನೆಗಾದರೂ ಆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಜೂನಿನಲ್ಲಿ ಶಾಲೆ ಶುರುವಾದ ಎರಡನೆಯ ವಾರ, ಬಸ್ಸಿಗೆ ಕಾಯುತ್ತ ನಿಂತಿದ್ದ ಮಾಸ್ತರರು ಅಲ್ಲೇ ಕುಸಿದರು. ಹೃದಯ ನಿಂತಿತ್ತು.

ಹನ್ನೊಂದನೆಯ ದಿನ ಧನಕವಡಿಗೆ ಹೋದೆ. ಊಟ ಮುಗಿದು ಜನ ಚದುರಿದ್ದರು. ವೈನಿ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರು. ಒಳಗೆ ಅವರ ತಂಗಿ ಪಾತ್ರೆ ಎತ್ತಿಡುತ್ತಿದ್ದರು. ನಾನು ದನಿ ತಗ್ಗಿಸಿ, "ತಂಗೀಗೆ ಹೇಳಿದ್ರೇನ್ರಿ ವೈನಿ?" ಎಂದೆ.

"ಮಗಳನ್ನ ಇವರ ಹತ್ರ ಬಿಟ್ಟು ಕುಬಸಕ್ಕ ಹೋದಾಗ ಹೇಳಬೇಕಂತನ ಹೋಗಿದ್ದೆ" ಎಂದರು. "ಸೀರಿ ಉಡಸಿದೆ. ಬಳಿ ತೊಡಸಿದೆ. ಎಲ್ಲಾರೂ ಹಾಡ್ತಿದ್ರು. ಬಾಯಿ ಬರಲಿಲ್ರಿ. ಆಮ್ಯಾಲ ಹೆರಿಗಿ ಆಗ್ಲಿ ಅಂದ್ಕೊಂಡೆ, ಕೂಸು ನಡಿಲಿ ಅಂದ್ಕೊಂಡೆ. ಇವರಿಗೆ ಎಷ್ಟು ಶಾಪ ಹಾಕಿದ್ದೆ ಅಣ್ಣಾರ, ಮನಸಿನ್ಯಾಗ. ಈಗ ನಾ ಏನ್ ಬ್ಯಾರೆ ಮಾಡೀನಿ?" ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೂ ಮೆಲ್ಲಗೆ ಹೇಳಿದರು: "ಅಕಿ ಈಗ ಮತ್ತ ಬಸುರಿ."

ತಂಗಿ ಚಹಾ ತಂದರು. ಅವರ ಹಿಂದೆಯೇ ನಾಲ್ಕು ವರ್ಷದ ಮಗಳು ಬಂದು, ಅವ್ವನ ಸೀರೆ ಹಿಡಿದು, ನೆಲದ ಮೇಲೆ ಕೂತುಬಿಟ್ಟಿತು. ತಂಗಿ ಲೋಟ ನನ್ನ ಕೈಗಿತ್ತು ಎದುರಿಗೇ ನಿಂತರು.

"ಅಣ್ಣಾರ, ನೀವು ಭಾವಾರ ಜೋಡಿ ಇಷ್ಟು ವರ್ಷ ಇದ್ದವರು. ಅಕ್ಕನ ಮಗಳಿಗೆ ಆಗಿದ್ದು ಏನಂತ ನಿಮಗರ ಗೊತ್ತೇನ್ರಿ? ಭಾವಾರಿಗೆ ಕೇಳಿದೆ, ಅಕ್ಕಗ ಕೇಳಿದೆ, ಇಬ್ಬರೂ ಹೇಳಲಿಲ್ಲ. ನಮ್ಮ ಹುಡುಗಿ ಇತ್ತಿತ್ತಲಾಗ ಭಾಳ ದಣೀಲಿಕ್ಕತ್ತಾಳ. ಅದಕ್ಕ ಕೇಳಿದೆ."

ವೈನಿ ನನ್ನನ್ನೇ ನೋಡುತ್ತಿದ್ದರು. ಹೇಳಿಬಿಡಿ ಎಂದೋ, ಬೇಡ ಎಂದೋ, ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಈಗ ಬರೆಯುವುದು ಸುಲಭ.

"ನಾ ಕನ್ನಡ ಕಲಸಾಂವ ತಂಗಿ" ಎಂದೆ. "ನನಗ ಅವೆಲ್ಲಾ ತಿಳಿಯೂದಿಲ್ಲ."